ತಡೆಪೆಟ್ಟಿಗೆ

ಮೆಟ್ಟಿಲು ಎಣಿಸಬಾರದು ಎಂದುಕೊಂಡೇ ಎಣಿಸಿದ. ಇಪ್ಪತ್ತೆರಡು. ಹದಿನಾಲ್ಕು ವರ್ಷದಿಂದ ಅಷ್ಟೇ ಇದ್ದವು, ಇವತ್ತು ಒಂದು ಹೆಚ್ಚಾಗಲು ಕಾರಣವೇ ಇರಲಿಲ್ಲ. ಆದರೂ ಎಣಿಸದೆ ಹತ್ತಿದರೆ ಮೇಲೆ ಆಫೀಸು ಇರುತ್ತದೋ ಇಲ್ಲವೋ ಎಂಬ ಹುಚ್ಚು ಅನುಮಾನ ಅವನದು. ಕೆಳಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಯಂತ್ರ ಆಗಲೇ ಕಿರುಗುಟ್ಟಲು ಶುರುಮಾಡಿತ್ತು. ಆ ಸದ್ದು ಹಲ್ಲಿನ ಬೇರಿಗೆ ತಾಗುತ್ತದೆಂದು ಬಂದವರೆಲ್ಲ ದೂರುತ್ತಾರೆ, ಅವನಿಗೆ ಮಾತ್ರ ಅದಿಲ್ಲದಿದ್ದರೆ ಕೆಲಸ ಸಾಗದು. ಇವತ್ತು ಸಂಜೆ ಐದಕ್ಕೆ ಹಳೆಯ ಸರ್ವರನ್ನು ಶಾಶ್ವತವಾಗಿ ಆರಿಸಿಬಿಡುತ್ತಾರೆ. ಆಮೇಲೆ ಅದರ ಹೊಟ್ಟೆಯಲ್ಲಿ ಏನಿತ್ತು ಎಂದು ಕೇಳಿದರೆ ಹೇಳುವವರು ಯಾರೂ ಇರುವುದಿಲ್ಲ. ಬರೆಯುವ ಚಟವಿದ್ದವರಿಗೆ ಬ್ಲಾಗು ಇಟ್ಟುಕೊಳ್ಳಲು ಜಾಗ ಕೊಡುವ ಈ ಸಣ್ಣ ಕಂಪನಿಯಲ್ಲಿ ಅವನು ಮೊದಲ ದಿನದಿಂದ ಇದ್ದವನು. ಅದಕ್ಕೇ ಎಲ್ಲರ ಬಾಯಲ್ಲೂ ಅವನು ‘ಚಿಕ್ಕಪ್ಪ’. ಮೂರು ಸಾವಿರ ಚಿಲ್ಲರೆ ಬ್ಲಾಗುಗಳನ್ನು ಮೂರು ತಿಂಗಳಿಂದ ಹಳೆಯ ತಂತ್ರಾಂಶದಿಂದ ಹೊಸದಕ್ಕೆ ಕಂತುಕಂತಾಗಿ ಸಾಗಿಸಿಯಾಗಿತ್ತು. ಹಳೆಯದನ್ನು ಕಟ್ಟಿದ ಕೈಗಳಲ್ಲಿ ಅವನದೂ ಒಂದು, ದುಃಖವಾಗಬೇಕಿತ್ತು. ಆಗಿದ್ದು ದುಃಖವಲ್ಲ, ಕುತೂಹಲ. ಮನೆ ಬದಲಾಯಿಸುವಾಗ ಬೀರು ಸರಿಸಿದ ಕೂಡಲೇ ಅದರ ಹಿಂದೆ ಬಗ್ಗಿ ನೋಡಬೇಕೆನ್ನಿಸುತ್ತದಲ್ಲ, ಹಾಗೆ. ಕಳೆದುಹೋದ ಬಾಚಣಿಗೆ ಸಿಕ್ಕೀತು, ಸತ್ತ ಹಲ್ಲಿಯೂ ಸಿಕ್ಕೀತು. ಎರಡಕ್ಕೂ ತಾನು ಸಿದ್ಧನಿದ್ದೇನೆ ಎಂದುಕೊಂಡಿದ್ದ.

ಸಾಗಣೆಗೆಂದೇ ಹೊರಗಿನಿಂದ ಕರೆಸಿದ್ದ ಎಂಜಿನಿಯರು ಅವನಿಗಿಂತ ಮೊದಲೇ ಬಂದು ಕೂತಿದ್ದಳು. ನಲವತ್ತು ದಾಟಿದ ಹೆಂಗಸು, ಆಫೀಸಿನ ಕುರ್ಚಿಯನ್ನು ನಂಬದೆ ಮನೆಯಿಂದ ತನ್ನದೇ ದಿಂಬು ತಂದಿಟ್ಟುಕೊಂಡವಳು. ಬೆನ್ನ ಹಿಂದೆ ಎಲ್ಲರೂ ಅವಳನ್ನು ‘ಸಾಗಣೆಯಮ್ಮ’ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ಒಂದು ದಿನ ಊಟದ ಡಬ್ಬಿಯ ಮೇಲೆ ಅದೇ ಹೆಸರು ಬರೆದ ಚೀಟಿ ಅಂಟಿಸಿಕೊಂಡು ಬಂದು ಎಲ್ಲರ ಬಾಯಿ ಮುಚ್ಚಿಸಿದ್ದಳು. ಅವನನ್ನು ಮಾತ್ರ ಅವಳು ಚಿಕ್ಕಪ್ಪ ಎನ್ನದೆ ಸರ್ ಎನ್ನುತ್ತಿದ್ದಳು, ಅದರಲ್ಲಿ ಗೌರವವೆಷ್ಟು ದೂರವೆಷ್ಟು ಎಂಬುದು ಮೂರು ತಿಂಗಳಾದರೂ ಅವನಿಗೆ ತಿಳಿದಿರಲಿಲ್ಲ.

“ಸರ್, ಒಂದು ನಿಮಿಷ ಬರ್ತೀರಾ? ಇಲ್ಲೊಂದು ಪೆಟ್ಟಿಗೆ ಇದೆ, ನೀವು ಕೊಟ್ಟ ಪಟ್ಟಿಯಲ್ಲಿ ಇಲ್ಲ.”

“ಯಾವ ಪೆಟ್ಟಿಗೆ?”

“ತಡೆಪೆಟ್ಟಿಗೆ ಅಂತ ಹೆಸರು. ನಲವತ್ತೊಂದು ಸಾವಿರ ಕಾಮೆಂಟು. ಒಂದೂ ಪ್ರಕಟ ಆಗಿಲ್ಲ, ಒಂದನ್ನೂ ಅಳಿಸಿಲ್ಲ. ಹೊಸದರಲ್ಲಿ ಇಂಥ ಪೆಟ್ಟಿಗೆಗೆ ಜಾಗ ಇಲ್ಲ, ಐದು ಗಂಟೆಗೆ ತಾನಾಗೇ ಬಿದ್ದುಹೋಗುತ್ತೆ. ಬಿಡ್ಲಾ?”

“ಬಿಡಿ ಬಿಡಿ. ಬರೀ ಕಸ ಅದು. ಮಾತ್ರೆ ಮಾರೋರು, ಗಡಿಯಾರ ಮಾರೋರು.”

“ನೀವು ನೋಡಿದೀರಲ್ವಾ?”

“ವಾರವಾರ ನೋಡ್ತೀನಲ್ಲಮ್ಮ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳು ಏನೂ ಅಂದಿರಲಿಲ್ಲ, ಬರೀ ಕೇಳಿದ್ದಳು. ಇವನ ಕೈ ತಾನಾಗಿ ಶರ್ಟಿನ ಕಾಲರಿಗೆ ಹೋಯಿತು, ಕಣ್ಣು ಗೋಡೆಗೆ ಹೋಯಿತು. ಗೋಡೆಯ ಮೊಳೆಯಲ್ಲಿ ‘ಸೋಮವಾರದ ಕೆಲಸಗಳು’ ಎಂಬ ಹಾಳೆ ನೇತಾಡುತ್ತಿತ್ತು. ಅದರ ನಾಲ್ಕನೆಯ ಸಾಲು: ತಡೆಪೆಟ್ಟಿಗೆ ನೋಡಲಾಗಿದೆ. ಎದುರಿಗೆ ಅವನ ಸಹಿ. ಹನ್ನೊಂದು ವರ್ಷದ ಅಂಥ ಹಾಳೆಗಳು ಕಪಾಟಿನಲ್ಲಿ ಕಟ್ಟುಕಟ್ಟಾಗಿ ಕೂತಿದ್ದವು, ಎಲ್ಲದರಲ್ಲೂ ನಾಲ್ಕನೆಯ ಸಾಲಿಗೆ ಅದೇ ಸಹಿ, ಬರಬರುತ್ತ ಬಾಲ ಕಿರಿದಾದ ಸಹಿ. ಮೊದಲ ನಾಲ್ಕು ತಿಂಗಳು ಅವನು ನಿಜವಾಗಿ ನೋಡಿದ್ದ. ಪೆಟ್ಟಿಗೆ ತೆರೆದರೆ ಹೊಸದಾಗಿ ಬಂದ ಐವತ್ತು ಮಾತ್ರ ಕಾಣುತ್ತಿದ್ದವು, ಐವತ್ತಕ್ಕೆ ಐವತ್ತೂ ಕೂದಲು ಬೆಳೆಸುವ ಮಾತ್ರೆ. ಕೂದಲಿಲ್ಲದ ತನ್ನ ತಲೆ ಸವರಿಕೊಳ್ಳುತ್ತ ಮುಚ್ಚುತ್ತಿದ್ದ. ಐದನೆಯ ತಿಂಗಳು ಒಂದು ಸೋಮವಾರ ಜ್ವರ ಬಂದಿತ್ತು. ಮಂಗಳವಾರ ಬಂದು ಸಹಿ ಮಾತ್ರ ಹಾಕಿದ. ಆಕಾಶ ಕಳಚಿ ಬೀಳಲಿಲ್ಲ. ಅಲ್ಲಿಂದ ಮುಂದೆ ನೋಡುವುದು ನಿಂತಿತು, ಸಹಿ ನಿಲ್ಲಲಿಲ್ಲ. ಅದನ್ನು ಸುಳ್ಳು ಎಂದು ಅವನು ಒಂದು ದಿನವೂ ಕರೆದುಕೊಂಡಿರಲಿಲ್ಲ. ಸೋಮವಾರ ಹಲ್ಲುಜ್ಜಿದ ಹಾಗೆ ಸಹಿಯನ್ನೂ ಮಾಡುತ್ತಿದ್ದ.

“ಸರ್, ಇಂಗ್ಲಿಷಿನವನ್ನ ಪಕ್ಕಕ್ಕಿಟ್ಟು ಒಂದ್ಸಲ ನೋಡೋಣ್ವಾ? ಸುಮ್ನೆ ಕುತೂಹಲಕ್ಕೆ.”

ಬೇಡ ಎನ್ನಲು ಕಾರಣ ಹುಡುಕುವಷ್ಟರಲ್ಲಿ ಅವಳು ಒಂದು ಸಾಲು ಕುಟ್ಟಿಯಾಗಿತ್ತು. ಪರದೆ ಒಮ್ಮೆ ಬೆಳ್ಳಗಾಗಿ ಮತ್ತೆ ತುಂಬಿಕೊಂಡಿತು. ಆರು ಸಾವಿರದ ಎಂಟುನೂರ ನಲವತ್ತು. ಎಲ್ಲ ತಮ್ಮದೇ ಭಾಷೆ. ಮೊದಲನೆಯದು ಸೈಕಲ್ ರಿಪೇರಿಯ ಬ್ಲಾಗಿಗೆ ಬಂದದ್ದು: ‘ನೀವು ಬರೆದ ಹಾಗೆಯೇ ಚೈನಿಗೆ ಎಣ್ಣೆ ಹಾಕಿದೆ. ಅಪ್ಪ ಮೂರು ವರ್ಷದಿಂದ ಮುಟ್ಟದೆ ಬಿಟ್ಟಿದ್ದ ಸೈಕಲ್ಲು. ಇವತ್ತು ಬಾಗಿಲ ತನಕ ಬಂದು ಒಂದು ಸಲ ಬೆಲ್ಲು ಬಾರಿಸಿ ಒಳಗೆ ಹೋದರು. ಯಾರಿಗಾದರೂ ಹೇಳಬೇಕಿತ್ತು, ನಿಮಗೆ ಹೇಳುತ್ತಿದ್ದೇನೆ.’ ಎರಡನೆಯದು ತಾರಸಿಯ ಮೇಲೆ ನಿಂತು ಆಕಾಶ ನೋಡುವ ಯಾರೋ ನಿವೃತ್ತ ಗುಮಾಸ್ತರಿಗೆ: ‘ತಾವು ನೋಡಿದ್ದು ಗುರು ಗ್ರಹವಲ್ಲ, ಶುಕ್ರ. ಆದರೆ ತಾವು ವರ್ಣಿಸಿದ ಚೆಂದಕ್ಕೆ ಅದು ಗುರುವೇ ಆಗಿದ್ದರೆ ಏನು ಹೋಗುತ್ತಿತ್ತು ಅನ್ನಿಸಿ ಎರಡು ದಿನ ಸುಮ್ಮನಿದ್ದು ಈಗ ಬರೆಯುತ್ತಿದ್ದೇನೆ.’ ಮೂರನೆಯದು, ನಾಲ್ಕನೆಯದು, ಹತ್ತನೆಯದು. ಅವನು ನಿಂತೇ ಓದಿದ. ಯಾರಿವರು, ಎಲ್ಲಿದ್ದರು ಇಷ್ಟು ದಿನ? ಬೀದಿಯಲ್ಲಿ ಹೋಗುವಾಗ ಇಷ್ಟು ವರ್ಷ ಮುಚ್ಚಿಯೇ ಇದ್ದ ಬಾಗಿಲೊಂದು ತೆರೆದಿದ್ದರೆ ಕತ್ತು ತಾನಾಗಿ ಆ ಕಡೆ ಹೊರಳುತ್ತದೆ; ಅವನ ಕತ್ತು ಹಾಗೆ ಹೊರಳಿತ್ತು, ತಿರುಗಿ ಬರಲಿಲ್ಲ.

“ಇವೆಲ್ಲ ಕಸನಾ ಸರ್?” ಎಂದಳು ಸಾಗಣೆಯಮ್ಮ. ದನಿಯಲ್ಲಿ ಕೊಂಕಿರಲಿಲ್ಲ, ಅದೇ ಅವನಿಗೆ ಕಷ್ಟವಾಯಿತು. “ಇವನ್ನ ತಡೆಯೋ ನಿಯಮ ಬರೆದೋರು ಯಾರು?”

“ಹಳೇದು. ಯಾರೋ ಬರೆದಿರ್ಬೇಕು.”

ಅವಳು ಕಡತ ತೆರೆದಳು. ನಿಯಮ ನಾಲ್ಕೇ ಸಾಲು. ಅದರ ನೆತ್ತಿಯ ಮೇಲೆ, ಆಗಿನ ಹುರುಪಿನಲ್ಲಿ ಅವನೇ ಹಾಕಿಕೊಂಡ ಐದನೆಯ ಸಾಲು: ಬರೆದವರು, ಚಿಕ್ಕಪ್ಪ. ಅವಳು ಅದನ್ನು ಓದಿದಳು, ಓದಿಲ್ಲದವಳ ಹಾಗೆ ಪರದೆಯನ್ನು ಮೆಲ್ಲಗೆ ಕೆಳಕ್ಕೆ ಸರಿಸಿದಳು. ಬೈದಿದ್ದರೆ ವಾಸಿಯಿತ್ತು. ಐವತ್ತೆರಡು ವರ್ಷದ ಅವನ ಕಿವಿ ಶಾಲೆಯ ಬೆಂಚಿನ ಮೇಲೆ ನಿಂತಾಗಿನ ಹಾಗೆ ಬಿಸಿಯಾಯಿತು. ಹನ್ನೊಂದು ವರ್ಷದ ಹಿಂದೆ ಮಾತ್ರೆ ಮಾರುವವರು ಮಿಡತೆಯಂತೆ ಮುತ್ತಿದ್ದಾಗ ಕಂಪನಿಯ ಯಜಮಾನಿ “ಏನಾದ್ರೂ ಮಾಡಿ ಚಿಕ್ಕಪ್ಪಾ” ಎಂದು ಅಳುವುದೊಂದು ಬಾಕಿ. ಆ ಮಾರುವವರೆಲ್ಲ ಪುಟಗಟ್ಟಲೆ ಬರೆಯುತ್ತಾರೆ ಎಂಬುದನ್ನು ಕಂಡುಹಿಡಿದವನು ಅವನು. ಒಂದು ಮಧ್ಯಾಹ್ನ ಊಟದ ತೂಕಡಿಕೆಯಲ್ಲಿ ನಾಲ್ಕು ಸಾಲು ಬರೆದ: ಕಾಮೆಂಟಿನ ಉದ್ದ ಮುನ್ನೂರು ದಾಟಿದರೆ ತಡೆಪೆಟ್ಟಿಗೆಗೆ ಹಾಕು. ಇಂಗ್ಲಿಷಿನಲ್ಲಿ ಮೂರು ಸಾಲು ಬರೆದು ನೋಡಿದ, ಹಾದುಹೋಯಿತು. ಒಂದು ಪುಟ ಬರೆದು ನೋಡಿದ, ನಿಂತಿತು. ಎಲ್ಲರೂ ಬೆನ್ನು ತಟ್ಟಿದರು. ತಮ್ಮ ಭಾಷೆಯಲ್ಲಿ ಬರೆದು ನೋಡಬೇಕೆಂದು ತಮ್ಮ ಭಾಷೆಯ ಬ್ಲಾಗು ಕಂಪನಿಯ ಯಾರಿಗೂ ಹೊಳೆಯಲಿಲ್ಲ, ದೀಪದ ಬುಡದಲ್ಲೇ ಕತ್ತಲೆ. ಇಂಗ್ಲಿಷಿನ ಒಂದಕ್ಷರಕ್ಕೆ ಯಂತ್ರದೊಳಗೆ ಬೈಟು ಎಂಬ ಒಂದು ಮನೆ ಸಾಕು. ತಮ್ಮ ಅಕ್ಷರಕ್ಕೆ ಮೂರು ಮನೆ ಬೇಕು, ಅದರ ಕೊಂಬಿಗೆ ಮೂರು, ಅದರ ಒತ್ತಿಗೆ ಬೇರೆ. ಅವನ ನಿಯಮ ಅಕ್ಷರ ಎಣಿಸುತ್ತಿರಲಿಲ್ಲ, ಮನೆ ಎಣಿಸುತ್ತಿತ್ತು. ಈಗ ಬೆರಳು ಮಡಚಿ ಲೆಕ್ಕ ಹಾಕಿದ: ‘ಚೆನ್ನಾಗಿದೆ’ ಎಂಬ ಒಂದು ಪದಕ್ಕೇ ಮೂವತ್ತು ಮನೆ. ಹತ್ತು ಪದ ಆಡುವಷ್ಟರಲ್ಲಿ ಮುನ್ನೂರು ಮುಗಿಯಿತು. ಹನ್ನೊಂದನೆಯ ಪದಕ್ಕೆ ಕೈ ಹಾಕಿದವರೆಲ್ಲ ಪೆಟ್ಟಿಗೆಯೊಳಗೆ. ಹನ್ನೊಂದು ವರ್ಷದಿಂದ ಈ ಮೂರು ಸಾವಿರ ಜನರ ಬರಹಗಳ ಕೆಳಗೆ ‘ಚೆನ್ನಾಗಿದೆ’, ‘ಸೂಪರ್’, ‘ಹೀಗೇ ಬರೆಯಿರಿ’ ಇಷ್ಟೇ ಉಳಿದದ್ದು ಹೀಗೆ. ಈಗಿನ ಓದುಗರು ಹುರುಳಿಲ್ಲದ ಮಾತಾಡುತ್ತಾರೆ ಎಂದು ಬ್ಲಾಗಿನವರು ಕೊರಗುವಾಗ ಹೌದೆಂದು ತಲೆದೂಗಿದವರಲ್ಲಿ ಅವನೇ ಮೊದಲಿಗ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಮೇಯ್ದು ಬಂದು ಪೈರು ಯಾಕೋ ಬಡಕಲು ಎಂದಿತ್ತು.

ಅಕ್ಕನ ನೆನಪು ಆಗ ಬಂತು. ಬಂತು ಎನ್ನುವುದು ಸುಳ್ಳು. ಆರು ಸಾವಿರದ ಎಂಟುನೂರು ಎಂದು ಕಂಡಾಗಲೇ ಬಂದು ಬಾಗಿಲಲ್ಲಿ ನಿಂತಿತ್ತು, ಅವನು ಒಳಗೆ ಕರೆದಿರಲಿಲ್ಲ. ಅಕ್ಕ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದವಳು. ಹತ್ತು ವರ್ಷದ ಹಿಂದೆ ಅವನೇ ಒತ್ತಾಯ ಮಾಡಿ ಅವಳಿಗೊಂದು ಬ್ಲಾಗು ತೆರೆದುಕೊಟ್ಟಿದ್ದ, ಅವಳು ಅದಕ್ಕೆ ‘ಉಸಿರು ಹಿಡಿದುಕೊಳ್ಳಿ’ ಎಂದು ಹೆಸರಿಟ್ಟಳು. ಏನು ಬರೆಯುತ್ತಿದ್ದಳು! ಉಂಗುರ ಬಿಚ್ಚಲು ಒಪ್ಪದ ಮುದುಕಿಯ ಬೆರಳು, ಎದೆಯ ಫೋಟೋ ಅಂದರೆ ನಗಬೇಕೋ ಬೇಡವೋ ಎಂದು ಕೇಳಿದ ಪೈಲ್ವಾನ, ಗಾಜಿನ ಹಿಂದೆ ನಿಂತು ಗುಂಡಿ ಒತ್ತುವ ಆ ಒಂದು ಕ್ಷಣದಲ್ಲಿ ಕೋಣೆಯಲ್ಲಿ ಒಬ್ಬಂಟಿಯಾಗುವವರು ರೋಗಿಯೋ ತಾನೋ ಎಂಬ ಪ್ರಶ್ನೆ. ಒಂದೊಂದು ಬರಹವೂ ಏಳೆಂಟು ಪುಟ. ಓದುತ್ತ ಅವನಿಗೆ ಹೊಟ್ಟೆಕಿಚ್ಚಾಗುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು, ಎರಡನ್ನೂ ಹೇಳುತ್ತಿರಲಿಲ್ಲ. ಆಮೇಲೆ ಒಂದು ದಿನ ಅವಳು “ಯಾರಾದ್ರೂ ಓದ್ತಾರೇನೋ ಇದನ್ನ? ಬರೀ ಚೆನ್ನಾಗಿದೆ ಅಂತಾರೆ, ಓದದೇನೇ ಅನ್ನಬಹುದು ಹಾಗೆ” ಎಂದಾಗ ಅವನು ಊಟದ ತಟ್ಟೆಯಿಂದ ತಲೆ ಎತ್ತದೆ ಅಂದಿದ್ದ: “ಉದ್ದ ಆಯ್ತು ಕಣಕ್ಕ ನಿಂದು. ಈ ಕಾಲದಲ್ಲಿ ಉದ್ದ ಯಾರು ಓದ್ತಾರೆ? ಚಿಕ್ಕದಾಗಿ ಬರಿ.” ಅವಳು ತಮ್ಮನ ಮಾತನ್ನು ಕೆಲಸ ಬಲ್ಲವನ ಮಾತೆಂದು ತೆಗೆದುಕೊಂಡಳು. ಎಂಟು ಪುಟ ಮೂರಾಯಿತು, ಮೂರು ಒಂದಾಯಿತು, ಒಂದು ಅರ್ಧ. ಆರು ವರ್ಷದ ಹಿಂದಿನ ಕೊನೆಯ ಬರಹ ಒಂದೇ ಸಾಲು: ‘ಇವತ್ತು ಹನ್ನೊಂದು ಕೈ, ನಾಲ್ಕು ಎದೆ, ಒಂದು ಮಂಡಿ.’ ಅದರ ಕೆಳಗೆ ಯಾರೋ ‘ಸೂಪರ್ ಮೇಡಂ’ ಎಂದಿದ್ದರು.

“ಒಂದು ಬ್ಲಾಗು ನೋಡಬಹುದಾ, ಇದರೊಳಗೆ?” ಎಂದು ಕೇಳಿ ಅಕ್ಕನ ಬ್ಲಾಗಿನ ಹೆಸರು ಹೇಳಿದ. ಯಾರದೆಂದು ಹೇಳಲಿಲ್ಲ. ಸಾಗಣೆಯಮ್ಮ ಹುಡುಕಿಕೊಟ್ಟು, ಅವನ ಮುಖ ನೋಡಿ, ಟೀ ಕುಡಿದು ಬರುತ್ತೇನೆಂದು ಎದ್ದು ಹೋದಳು. ಇನ್ನೂರ ಹನ್ನೆರಡು ಕಾಮೆಂಟು. ಒಬ್ಬಳಂತೂ, ಬೇಕರಿಯಲ್ಲಿ ಹಿಟ್ಟು ನಾದುವವಳಂತೆ, ಒಂದು ಬರಹವನ್ನೂ ಬಿಟ್ಟಿರಲಿಲ್ಲ. ‘ನನ್ನ ಮಣಿಕಟ್ಟು ಮುರಿದಾಗ ನೀವೋ ನಿಮ್ಮಂಥವರೋ ಫೋಟೋ ತೆಗೆಯಲು ಗಾಜಿನ ಹಿಂದೆ ಹೋದಿರಿ. ಎಲ್ಲರೂ ನನ್ನೊಬ್ಬಳನ್ನೇ ಬಿಟ್ಟು ಓಡಿದರು ಅನ್ನಿಸಿತ್ತು. ಓಡಿದವರಿಗೂ ಹಾಗೆಯೇ ಅನ್ನಿಸುತ್ತದೆ ಅಂತ ಇವತ್ತು ಗೊತ್ತಾಯಿತು, ಅರ್ಧ ನೋವು ಇಳಿಯಿತು.’ ಅವಳದೇ ಮತ್ತೊಂದು: ‘ಮೂಳೆ ಕೂಡಿದ ಮೇಲೆ ಆ ಗೆರೆ ಉಳಿಯುತ್ತದೆಯೇ? ಡಾಕ್ಟರನ್ನು ಕೇಳಲು ನಾಚಿಕೆ. ನಿಮ್ಮನ್ನು ಕೇಳಬಹುದು ಅನ್ನಿಸುತ್ತದೆ.’ ಹೀಗೆ ಮೂವತ್ತೆಂಟು. ಕೊನೆಯದು: ‘ನನ್ನ ಮಾತು ನಿಮಗೆ ಬೇಡವೇನೋ. ಓದುವುದನ್ನು ಬಿಡುವುದಿಲ್ಲ, ಬರೆಯುವುದನ್ನು ಬಿಡುತ್ತೇನೆ.’ ಅದರ ತಾರೀಖು ನೋಡಿದ. ಅಕ್ಕ ಬರೆಯುವುದನ್ನು ನಿಲ್ಲಿಸುವುದಕ್ಕೆ ಎರಡು ವಾರ ಮುಂಚೆ. ಇಬ್ಬರೂ ಗೋಡೆಯ ಆಚೆ ಈಚೆ ಕೂತು, ಆ ಕಡೆ ಯಾರೂ ಇಲ್ಲವೆಂದುಕೊಂಡು ಎದ್ದು ಹೋಗಿದ್ದರು. ಗೋಡೆ ಅವನದು.

ಕೆಳಗೆ ಸರಿಸುತ್ತ ಹೋದವನ ಕೈ ಒಂದು ಹೆಸರಿನ ಮೇಲೆ ನಿಂತಿತು. ‘ಒಬ್ಬ ಓದುಗ’. ಎಂಟು ವರ್ಷದ ಹಿಂದಿನದು. ಮೊದಲ ಸಾಲು ಓದುವ ಅಗತ್ಯವಿರಲಿಲ್ಲ, ಬಾಯಿಪಾಠವಿತ್ತು. ಎದೆಗೂಡಿನ ಬಗ್ಗೆ ಅಕ್ಕ ಬರೆದದ್ದನ್ನು ಓದಿದ ಮಧ್ಯಾಹ್ನ ಅವನಿಗೆ ಸುಮ್ಮನಿರಲಾಗಲಿಲ್ಲ. ಎದುರಿಗೆ ಹೇಳುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಸುಳ್ಳು ಹೆಸರಿಟ್ಟುಕೊಂಡು, ಇದೇ ಕುರ್ಚಿಯಲ್ಲಿ ಕೂತು, ಜನ್ಮದಲ್ಲಿ ಮೊದಲ ಬಾರಿಗೆ ಒಂದು ಪುಟ ಬರೆದ: ‘ತಾವು ವರ್ಣಿಸಿದ ಎದೆಗೂಡಿನ ಚಿತ್ರ ನೋಡಿದರೆ ನಾನು ಬೆಳೆದ ಮನೆಯ ಅಡಿಗೆಕೋಣೆಯ ಕಿಟಕಿ ನೆನಪಾಗುತ್ತದೆ. ಅದಕ್ಕೆ ಎಂಟು ಸರಳು. ನಾನು ಆ ಸರಳುಗಳನ್ನು ಎಣಿಸುತ್ತ ಎಣಿಕೆ ಕಲಿತೆ. ಅದರ ಆಚೆ ಒಬ್ಬರು ಕೂತು ಓದುತ್ತಿದ್ದರು, ಅವರನ್ನು ನೋಡಿ ನನಗೂ ಓದಬೇಕು ಅನ್ನಿಸಿತು, ಅದನ್ನು ಅವರಿಗೆ ಯಾವತ್ತೂ ಹೇಳಲಿಲ್ಲ...’ ಒತ್ತಿದ ಕೂಡಲೇ ಪರದೆಯ ಮೇಲೆ ಬಂದದ್ದು ಅವನೇ ಬರೆದಿಟ್ಟಿದ್ದ ವಾಕ್ಯ: ನಿಮ್ಮ ಪ್ರತಿಕ್ರಿಯೆ ಪರಿಶೀಲನೆಯಲ್ಲಿದೆ, ಧನ್ಯವಾದ. ಬ್ಲಾಗಿನ ಒಡೆಯರು ತಾವೇ ನೋಡಿ ಒಪ್ಪಿಕೊಳ್ಳುತ್ತೇವೆ ಎಂದರೂ ಅದೇ ವಾಕ್ಯ, ಯಂತ್ರ ತಡೆದರೂ ಅದೇ. ಅಕ್ಕ ಪರಿಶೀಲಿಸುತ್ತಾಳೆ ಎಂದುಕೊಂಡ. ಒಂದು ದಿನ ಕಾದ, ಒಂದು ವಾರ ಕಾದ. ಅವಳು ಪ್ರಕಟಿಸಲಿಲ್ಲ. ಗುರುತು ಹಿಡಿದಿದ್ದಾಳೆ, ಹಿಡಿದೂ ಕಸದಬುಟ್ಟಿಗೆ ಹಾಕಿದ್ದಾಳೆ. ಕೇಳೋಣವೆಂದರೆ ಬರೆದವನು ನಾನೇ ಎಂದು ಒಪ್ಪಿಕೊಳ್ಳಬೇಕು. ಯಂತ್ರದೊಳಗೆ ಹೋಗಿ ನೋಡೋಣವೆಂದರೆ ಬ್ಲಾಗಿನವರ ಸಾಮಾನು ಮುಟ್ಟುವುದಿಲ್ಲ ಎಂದು ಎಲ್ಲರೆದುರು ಎದೆ ತಟ್ಟಿಕೊಂಡವನು. ಊಟದ ತಟ್ಟೆಯಿಂದ ತಲೆ ಎತ್ತದೆ ‘ಉದ್ದ ಆಯ್ತು’ ಎಂದದ್ದು ಅದಾದ ಮೇಲಿನ ಭಾನುವಾರ. ಈಗ ಗೊತ್ತಾಯಿತು: ಅದು ಸಲಹೆಯಾಗಿರಲಿಲ್ಲ, ಸೇಡು. ತಾನೇ ತೋಡಿದ ಗುಂಡಿಗೆ ತಾನೇ ಬಿದ್ದು, ದಡದಲ್ಲಿದ್ದವಳು ತಳ್ಳಿದಳೆಂದು ಎಂಟು ವರ್ಷ ಮುನಿದಿದ್ದ. ವಿಚಿತ್ರವೆಂದರೆ ಆ ಕಿಟಕಿಯ ಜೊತೆಗೆ ಅಕ್ಕನ ಕೆಂಪಗೆ ಊದಿಕೊಂಡ ಅಂಗೈಯೂ ಯಾವಾಗಲೂ ನೆನಪಿಗೆ ಬರುತ್ತಿತ್ತು, ಏಕೆ ಊದಿತ್ತು ಎಂಬುದು ಮಾತ್ರ ಬರುತ್ತಿರಲಿಲ್ಲ.

ಆ ಒಂದನ್ನು ಅಳಿಸಿಬಿಡಬಹುದಿತ್ತು. ಕೋಣೆಯಲ್ಲಿ ಯಾರೂ ಇರಲಿಲ್ಲ. ಬೆರಳು ಹೋಗಿ ಅಳಿಸುವ ಗುಂಡಿಯ ಮೇಲೆ ಕೂತಿತು. ಕೆಳಗಿನ ಗಾಜು ಉಜ್ಜುವ ಯಂತ್ರ ನಿಂತಿತು, ಯಾರದೋ ಕನ್ನಡಕ ಸಿದ್ಧವಾಗಿರಬೇಕು. ಆ ನಿಶ್ಶಬ್ದದಲ್ಲಿ ಅವನಿಗೆ ತನ್ನ ಮೇಲೆಯೇ ಒಂದು ಕುತೂಹಲ ಹುಟ್ಟಿತು. ಇವನು ಏನು ಮಾಡುತ್ತಾನೆ ನೋಡೋಣ ಎಂದು ಪಕ್ಕದಲ್ಲಿ ನಿಂತು ನೋಡಿದ. ಇವನು ಬೆರಳು ತೆಗೆದ.

“ಇದನ್ನೆಲ್ಲ ಹೊಸದಕ್ಕೆ ಒಯ್ಯಬಹುದಾ?” ಸಾಗಣೆಯಮ್ಮ ಬಂದ ಕೂಡಲೇ ಕೇಳಿದ.

“ಒಡೆಯರ ಒಪ್ಪಿಗೆಗೆ ಕಾಯೋ ಪಟ್ಟಿ ಅಂತ ಒಂದಿದೆ ಹೊಸದರಲ್ಲಿ. ಅಲ್ಲಿಗೆ ಹಾಕಬಹುದು, ಎರಡು ಗಂಟೆ ಕೆಲಸ. ಆದ್ರೆ ಸರ್, ಹಾಕಿದ್ರೆ ಒಬ್ಬೊಬ್ಬರಿಗೂ ಕಾಣುತ್ತೆ, ತಾರೀಖಿನ ಸಮೇತ. ಇಷ್ಟು ವರ್ಷ ಎಲ್ಲಿತ್ತು ಅಂತ ಕೇಳ್ತಾರೆ.”

“ಕೇಳಲಿ. ನಿಯಮ ಬರೆದಿದ್ದು ನಾನೇ.”

“ಗೊತ್ತು ಸರ್” ಎಂದಳು, ದಿಂಬು ಸರಿಮಾಡಿಕೊಂಡು ಕೂತಳು. ಸ್ವಲ್ಪ ಹೊತ್ತಿನ ಮೇಲೆ ಪರದೆಯಿಂದ ಕಣ್ಣು ತೆಗೆಯದೆ, “ನಮ್ಮ ಕೆಲಸದಲ್ಲಿ ಎಲ್ಲರ ಹತ್ರಾನೂ ಇಂಥ ಒಂದು ಪೆಟ್ಟಿಗೆ ಇರುತ್ತೆ ಬಿಡಿ. ನಂದು ಯಾವ ಊರಲ್ಲಿದೆಯೋ” ಎಂದಳು.

ಯಜಮಾನಿ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಕೇಳಿಸಿಕೊಂಡವಳು ಮೊದಲು ಬಾಗಿಲು ಮುಚ್ಚಿದಳು. “ಇರಲಾರದೆ ಇರುವೆ ಯಾಕೆ ಬಿಟ್ಕೋತೀರಿ ಚಿಕ್ಕಪ್ಪಾ? ಯಾರು ಕೇಳಿದ್ರು? ಐದು ಗಂಟೆ ಆದ್ರೆ ತಾನಾಗೇ ಮುಗಿಯೋ ಕಥೆ.” ಅವನು ಸುಮ್ಮನೆ ಒಂದು ಕಾಮೆಂಟಿನ ಪ್ರತಿ ಅವಳ ಮುಂದಿಟ್ಟ. ಸೈಕಲ್ಲಿನದು. ಅವಳು ಓದಿದಳು, ಎರಡನೆಯ ಸಲ ಓದಿದಳು, ಬೆಲ್ಲು ಬಾರಿಸಿ ಒಳಗೆ ಹೋದ ಆ ಅಪ್ಪ ಆಮೇಲೆ ಸೈಕಲ್ಲು ಹತ್ತಿದನೋ ಇಲ್ಲವೋ ಎಂದು ಕೇಳಿದಳು. ಗೊತ್ತಿಲ್ಲ ಎಂದ. “ಹಾಗಾದ್ರೆ ತಾಂತ್ರಿಕ ಕಾರಣ ಅಂತ ಬರೀರಿ. ತಾಂತ್ರಿಕ ಕಾರಣಕ್ಕೆ ಮುಖ ಇರಲ್ಲ, ಯಾರೂ ಬಯ್ಯಕ್ಕಾಗಲ್ಲ” ಎಂದು ಬಾಗಿಲು ತೆರೆದಳು. ಮೂರು ಸಾವಿರ ಜನಕ್ಕೆ ಹೋಗುವ ಇಮೇಲನ್ನು ಅವನು ನಾಲ್ಕು ಸಲ ಬರೆದ. ತಾಂತ್ರಿಕ ಕಾರಣ ಎಂದು ಬರೆದಾಗಲೆಲ್ಲ ಗೋಡೆಯ ಹಾಳೆ ಫ್ಯಾನಿನ ಗಾಳಿಗೆ ಪಟಪಟ ಅನ್ನುತ್ತಿತ್ತು. ಕೊನೆಗೆ ಹೋದದ್ದು ಇಷ್ಟು: ‘ನಿಮ್ಮ ಓದುಗರು ನಿಮಗೆ ಬರೆದ ಉದ್ದನೆಯ ಮಾತುಗಳು ಹನ್ನೊಂದು ವರ್ಷ ನಮ್ಮಲ್ಲೇ ಉಳಿದಿದ್ದವು. ಅವನ್ನು ತಡೆದ ನಿಯಮ ಬರೆದವನು ನಾನು. ಪ್ರತಿ ಸೋಮವಾರ ನೋಡಿದ್ದೇನೆಂದು ನೋಡದೆ ಸಹಿ ಹಾಕಿದವನೂ ನಾನೇ. ಇವತ್ತು ಅವು ನಿಮ್ಮ ಬಾಗಿಲಿಗೆ ಬರುತ್ತಿವೆ. ಕ್ಷಮಿಸಿ.’ ಕೆಳಗೆ ತನ್ನ ನಿಜವಾದ ಹೆಸರು ಹಾಕಿದ, ಅದು ಆಫೀಸಿನಲ್ಲಿ ಅರ್ಧ ಜನಕ್ಕೆ ಗೊತ್ತೇ ಇರಲಿಲ್ಲ. ಐದಕ್ಕೆ ಸರ್ವರು ಆರಿತು. ಅದರ ಹಸಿರು ದೀಪ ಕೆಡುವುದನ್ನು ನೋಡಬೇಕೆಂದಿದ್ದವನು ಆಗ ಚಪ್ಪಲಿ ಹುಡುಕುತ್ತಿದ್ದ. ಇಳಿಯುವಾಗ ಮೆಟ್ಟಿಲು ಎಣಿಸಲು ಮರೆತ.

ಅಕ್ಕನ ಮನೆ ಬಸ್ಸಿನಲ್ಲಿ ನಾಲ್ಕು ನಿಲ್ದಾಣ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ, ಬಾಗಿಲು ತೆರೆದ ಕೂಡಲೇ ಎಲ್ಲ ಉದುರಿಹೋಯಿತು. ಅವಳು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಮಡಿಲಲ್ಲಿ ಟ್ಯಾಬು ಇಟ್ಟುಕೊಂಡಿದ್ದಳು. ಒಡೆದ ಗಾಜಿಗೆ ಹಳೆಯ ಎಕ್ಸ್‌ರೇ ಫಿಲ್ಮು ಅಂಟಿಸಿದ್ದ ಕಿಟಕಿ, ಯಾರದೋ ಮೊಣಕೈಯ ಮೂಲಕ ಸಂಜೆಯ ಬೆಳಕು ಒಳಗೆ ಬರುತ್ತಿತ್ತು.

“ಅಕ್ಕಾ, ತಪ್ಪು ನಂದು.”

“ಮೇಲ್ ಬಂತು, ಓದಿದೆ. ಸುಮ್ನೆ ಕೂತ್ಕೋ, ಓದ್ತಾ ಇದೀನಿ.”

ಅವನು ಕೂತ. ಬೈಸಿಕೊಳ್ಳಲು ಬಂದವನಿಗೆ ಬೈಗುಳ ಸಿಗದಿದ್ದರೆ ಕೈಕಾಲು ಎಲ್ಲಿಡುವುದೆಂದು ತಿಳಿಯುವುದಿಲ್ಲ. ಅಕ್ಕ ಒಂದೊಂದನ್ನೇ ಓದುತ್ತ, ಓದಿ ಮುಗಿದದ್ದನ್ನು ಬೆರಳಿಂದ ಒಪ್ಪುತ್ತ ಹೋದಳು. ಒಮ್ಮೆ ನಕ್ಕಳು. ಒಮ್ಮೆ “ಅಯ್ಯೋ ಪಾಪ” ಎಂದಳು. ಒಮ್ಮೆ ಇವನ ಕಡೆ ತಿರುಗಿ “ಈ ಬೇಕರಿಯವಳು ಯಾರಿರಬಹುದೋ?” ಎಂದು ಕೇಳಿದಳು, ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಹೊಸ ಬೀದಿಗೆ ಬಂದವಳ ಆಸೆಯಿತ್ತು. “ನನ್ನ ಹತ್ರಾನೇ ಬಂದಿದ್ದಳೋ ಏನೋ. ಹಿಟ್ಟಿನ ವಾಸನೆಯ ಒಂದು ಕೈ ನೆನಪಿದೆ ನಂಗೆ.” ಆಮೇಲೆ ಒಂಬತ್ತು ವರ್ಷದ ಹಿಂದೆ ಕೇಳಿದ ಪ್ರಶ್ನೆಗೆ ಉತ್ತರ ಬರೆಯಲು ಕೂತಳು, ಬರೆಯುತ್ತ ಮೆಲ್ಲಗೆ ಓದಿಕೊಂಡಳು: “ಗೆರೆ ಕೆಲವು ವರ್ಷ ಉಳಿಯುತ್ತದೆ. ಆಮೇಲೆ ಹುಡುಕಿದವರಿಗೆ ಮಾತ್ರ ಕಾಣುತ್ತದೆ.” ಸ್ವಲ್ಪ ಯೋಚಿಸಿ ಮತ್ತೂ ಬರೆದಳು, ಮತ್ತೂ ಬರೆದಳು. ಇವನು ಬಂದಿದ್ದಾನೆಂಬುದೇ ಮರೆತವಳ ಹಾಗೆ ಬರೆದಳು. ಅವಳು ಹೀಗೆ ಕೂತು ಬರೆಯುವುದನ್ನು ನೋಡಿ ಆರು ವರ್ಷವಾಗಿತ್ತು. ಆ ಆರು ವರ್ಷ ವಾಪಸ್ಸು ಕೊಡುವ ಗುಂಡಿ ಹೊಸ ತಂತ್ರಾಂಶದಲ್ಲೂ ಇರಲಿಲ್ಲ.

ಆಮೇಲೆ ಅವಳ ಬೆರಳು ಒಂದು ಕಾಮೆಂಟಿನ ಮೇಲೆ ನಿಂತಿತು. ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. ಅವನಿಗೆ ಯಾವುದೆಂದು ಗೊತ್ತಾಯಿತು.

“ಇದ್ಯಾರೋ ಒಬ್ಬ ಓದುಗನಂತೆ.”

“ಯಾರಿರಬಹುದು?” ಎಂದ. ಇಷ್ಟೆಲ್ಲ ಆದ ಮೇಲೂ ಹಾಗೆ ಕೇಳಿದ ತನ್ನ ನಾಲಿಗೆಯ ಬಗ್ಗೆ ಅವನಿಗೆ ಅಸಹ್ಯವಾಯಿತು.

“ಯಾರೋ. ಎಣಿಸೋಕೆ ಬರದವನು” ಎಂದಳು ಅಕ್ಕ. ಒಪ್ಪುವ ಗುಂಡಿ ಒತ್ತಿದಳು. ಕೆಳಗೆ ಏನೋ ಕುಟ್ಟತೊಡಗಿದಳು.

ಅವನು ಜೇಬಿನಿಂದ ಫೋನು ತೆಗೆದ. ಅಕ್ಕನ ಬ್ಲಾಗು ಹೊಸ ತಂತ್ರಾಂಶದ ಬಿಳಿ ಬಟ್ಟೆಯಲ್ಲಿ ತೆರೆದುಕೊಂಡಿತು. ಎದೆಗೂಡಿನ ಬರಹ, ಅದರ ಕೆಳಗೆ ‘ಚೆನ್ನಾಗಿದೆ’, ಮತ್ತೊಂದು ‘ಚೆನ್ನಾಗಿದೆ’, ಅದರ ಕೆಳಗೆ ಎಂಟು ವರ್ಷದ ಹಿಂದಿನ ತಾರೀಖಿನಲ್ಲಿ ಅವನ ಒಂದು ಪುಟ, ಇಡಿಯಾಗಿ, ಎಲ್ಲರೂ ಓದುವ ಹಾಗೆ. ಮೂರು ಅಡಿ ದೂರದಲ್ಲಿ ಅಕ್ಕ ಕುಟ್ಟುವುದನ್ನು ನಿಲ್ಲಿಸಿದಳು. ಅವನು ಪುಟವನ್ನು ಮತ್ತೊಮ್ಮೆ ತೆರೆದ. ಉತ್ತರ ಬಂದಿತ್ತು.

‘ಆ ಕಿಟಕಿಗೆ ಏಳೇ ಸರಳು. ನೀನು ಎಣಿಕೆ ಕಲಿಯುವ ಹೊತ್ತಿಗೆ ಎಂಟನೆಯದು ಇರಲೇ ಇಲ್ಲ, ಅದನ್ನು ನೇತಾಡಿ ಕಿತ್ತವನು ನೀನು. ಯಾರು ಕಿತ್ತದ್ದು ಎಂದು ಅಪ್ಪ ಕೇಳಿದಾಗ “ನಾನು” ಎಂದವಳು ನಾನು. ಏಟು ಬಿದ್ದದ್ದು ನನ್ನ ಕೈಗೆ. ಎಕ್ಸ್‌ರೇ ತೆಗೆದರೂ ಕಾಣದು, ಗೆರೆ ಮಾಸಿದೆ. ಈ ಸಲ “ನಾನು” ಎಂದು ನೀನೇ ಹೇಳಿದೆಯಲ್ಲ, ಅದನ್ನೂ ಓದಿದೆ.’

ಅಕ್ಕ ಟ್ಯಾಬಿನಿಂದ ತಲೆ ಎತ್ತದೆ ಕೇಳಿದಳು: “ಉದ್ದ ಆಯ್ತೇನೋ?”